ಕೆಂಬಾಳೆಯ ಮೇಲೆ ಕೆಂಪು ಬೆಳಕು

ಹೋದ ವಾರ ಮಿಕ್ಸರ್ ರಿಪೇರಿಗೆಂದು ಮೋಮಿನಪುರಕ್ಕೆ ಹೋಗಿದ್ದೆ. ಅಂಗಡಿಯವನು ಕಾದ ಸೋಲ್ಡರಿಂಗ್ ಕಡ್ಡಿಯನ್ನು ಪೇಸ್ಟಿನ ಡಬ್ಬಿಗೆ ಅದ್ದಿದ್ದೇ ತಡ, ಚುರ್ರೆಂದು ಹೊಗೆ ಎದ್ದು ನೇರ ನನ್ನ ಮೂಗಿಗೆ ಬಂತು. ಬೇರೆಯವರಾಗಿದ್ದರೆ ಕೆಮ್ಮುತ್ತ ಆಚೆ ಸರಿಯುತ್ತಿದ್ದರು. ನಾನು ಒಂದು ಹೆಜ್ಜೆ ಮುಂದೆ ಬಂದು ಕಣ್ಣು ಮುಚ್ಚಿ ಉಸಿರೆಳೆದುಕೊಂಡೆ. ಅವನು ಗಾಬರಿಯಾಗಿ, “ಮೇಡಂ, ಚಕ್ಕರ್ ಬಂತೇನ್ರಿ? ಕುಂದರ್ರಿ, ನೀರ್ ಕೊಡ್ತೀನಿ” ಅಂದ. “ಏನಿಲ್ಲಪಾ, ವಾಸನಿ ಛಲೊ ಅದ” ಅಂದೆ. ಅವನು ನನ್ನನ್ನು ನೋಡಿದ ರೀತಿ ನೋಡಿದರೆ, ಮಿಕ್ಸರಿಗಿಂತ ಮೊದಲು ಈ ಹೆಂಗಸಿಗೇ ರಿಪೇರಿ ಬೇಕು ಅಂದುಕೊಂಡಿರಬೇಕು.

ಅವನಿಗೇನು ಗೊತ್ತು! ಆ ವಾಸನೆಯಲ್ಲಿ ನನ್ನ ಒಂದು ಇಡೀ ಚಳಿಗಾಲ ಇದೆ. ದೀಪಾವಳಿ ಮುಗಿದ ಮೇಲೆ ಶುರುವಾಗಿ ಎಳ್ಳಮಾವಾಸ್ಯೆಯ ಮರುದಿನ ಬೆಳಿಗ್ಗೆ ಮುಗಿದ ಚಳಿಗಾಲ. ಅಷ್ಟರಲ್ಲಿ ಒಂಬತ್ತು ಲೇಸರ್ ಡಯೋಡುಗಳನ್ನು ಕೊಂದೆ, ಎರಡು ಸೀರೆಗೆ ತೂತು ಮಾಡಿಕೊಂಡೆ, ಅಕ್ಕನಿಗೆ ಕೊಡಬಾರದ ಮಾತು ಕೊಟ್ಟೆ. ಅಷ್ಟು ಖುಷಿ ಆಮೇಲೆ ಬಂದಿದೆಯೋ ಇಲ್ಲವೋ ಹೇಳಲಾರೆ.

ನಾನು ಆಗ ಕಲಬುರಗಿಯ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಮಕ್ಕಳ ಕೈಗೆ ಪ್ರಿಸಂ ಕೊಡುವುದು, ಅವರು ಅದನ್ನು ಒಡೆದರೆ ಬೈಯುವುದು, ಸಂಜೆ ಜೇವರ್ಗಿ ಕಾಲೋನಿಯ ಮನೆಗೆ ಬಂದು ರೊಟ್ಟಿ ಬಡಿಯುವುದು. ನಡುವೆ ಒಂದು ಹುಚ್ಚು ಹತ್ತಿತ್ತು. ಕೆಟ್ಟು ಮೂಲೆ ಸೇರಿದ ಡಿವಿಡಿ ರೈಟರುಗಳ ಹೊಟ್ಟೆ ಬಿಚ್ಚಿ ಒಳಗಿನ ಕೆಂಪು ಲೇಸರ್ ಡಯೋಡು ತೆಗೆಯುವ ಹುಚ್ಚು. ನೋಡಿದರೆ ಜೋಳದ ಕಾಳಿನಷ್ಟು. ಆದರೆ ಮಕ್ಕಳು ಗೋಡೆಯ ಮೇಲೆ ಚುಕ್ಕೆ ಬಿಟ್ಟು ಆಡುವ ಪೆನ್ ಲೇಸರಿನಂಥ ಬಡಪಾಯಿ ಅಲ್ಲ ಅದು; ಡಿಸ್ಕಿನ ಮೇಲೆ ಸುಟ್ಟು ಬರೆಯಲೆಂದೇ ಹುಟ್ಟಿದ್ದು. ಅದನ್ನು ಅಲ್ಯೂಮಿನಿಯಂ ಕೊಳವೆಯಲ್ಲಿ ಕೂರಿಸಿ, ಮುಂದೆ ಲೆನ್ಸ್ ತಿರುವಿ, ಹದವಾದ ಕರೆಂಟು ಕೊಟ್ಟರೆ ಕಪ್ಪು ಕಾಗದ ಹೊಗೆಯಾಡಿ ತೂತು ಬೀಳುತ್ತದೆ. ಗೀರದೆಯೇ ಬೆಂಕಿಕಡ್ಡಿ ಹತ್ತುತ್ತದೆ. ಮೊದಲ ಸಲ ಹಾಗೆ ಹತ್ತಿದಾಗ ನಾನು ಅಡುಗೆಮನೆಯಲ್ಲಿ ಕುಣಿದಿದ್ದೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, “ಗ್ಯಾಸ್ ಲೈಟರ್ ಅದಲ್ಲ ಮನ್ಯಾಗ?” ಅಂದರು. ಎಲ್ಲಿ ಏನು ಹೇಳಬೇಕು ಎಂಬುದು ಗಂಡಸರಿಗೆ ಯಾವ ಕಾಲಕ್ಕೂ ತಿಳಿಯುವುದಿಲ್ಲ.

ಈ ಹುಚ್ಚಿಗೆ ನನ್ನ ಗುರು ಮಹಬೂಬ್ ಚಾಚಾ. ಮೋಮಿನಪುರದಲ್ಲಿ ಅವರದೊಂದು ಇಕ್ಕಟ್ಟಾದ ರಿಪೇರಿ ಅಂಗಡಿ. ರೇಡಿಯೊ, ಟೇಪ್ ರೆಕಾರ್ಡರ್, ಟಿವಿ, ಡಿವಿಡಿ, ಎಲ್ಲ ಕಾಲಗಳನ್ನೂ ಒಂದೇ ಮರದ ಮೇಜಿನ ಮೇಲೆ ದಾಟಿ ಬಂದವರು. ಡಿವಿಡಿಯ ಕಾಲ ಮುಗಿದಾಗ, ಜನ ರಿಪೇರಿಗೆ ಕೊಟ್ಟು ವಾಪಸ್ ಒಯ್ಯದೇ ಬಿಟ್ಟ ರೈಟರುಗಳು ಗೋಣಿಚೀಲ ತುಂಬಿ ಅಟ್ಟ ಸೇರಿದ್ದವು. ಅಷ್ಟನ್ನೂ ನನಗೆ ಬಿಟ್ಟುಕೊಟ್ಟರು. ಒಂದೇ ಷರತ್ತು: ಡಯೋಡು ಮುಟ್ಟುವ ಮೊದಲು ಅಂಗಡಿಯ ಮುಂದಿನ ಕಬ್ಬಿಣದ ನಲ್ಲಿಯನ್ನು ಒಮ್ಮೆ ಹಿಡಿದು ಬರಬೇಕು.

ನಾನು ನಕ್ಕುಬಿಟ್ಟಿದ್ದೆ. ಕಲಬುರಗಿಯ ಚಳಿಗಾಲವೆಂದರೆ ಒಣ ಗಾಳಿ. ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ, ಬಾಚಣಿಗೆ ಹತ್ತಿರ ಬಂದರೆ ಕೂದಲು ಎದ್ದು ನಿಲ್ಲುತ್ತದೆ. ಅಂಥ ಒಂದು ಸಂಜೆ ಕಾಲೇಜಿನಿಂದ ಪಾಲಿಸ್ಟರ್ ಸೀರೆಯಲ್ಲೇ ಹೋದವಳು, ಮೂರು ದಿನ ಕೂತು ಬಿಡಿಸಿದ ಡಯೋಡನ್ನು ನಲ್ಲಿ ಹಿಡಿಯದೆ ಎತ್ತಿಕೊಂಡೆ. ಬೆರಳ ತುದಿಯಲ್ಲಿ ಚಟ್ ಅಂದಿತು, ಅಷ್ಟೆ. ಆಮೇಲೆ ಎಷ್ಟು ಕರೆಂಟು ಕೊಟ್ಟರೂ ಅದು ದೇವರ ಮನೆಯ ಸಣ್ಣ ಕೆಂಪು ಬಲ್ಬಿನ ಹಾಗೆ ಮಿಣಮಿಣ ಅಂದಿತೇ ಹೊರತು ಒಂದು ಕೂದಲನ್ನೂ ಸುಡಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

“ಕಾಯ್ಕು ಜಲ್ದಿ ಮಾಡ್ತಿ ಬೇಟಿ?” ಅಂದರು ಚಾಚಾ, ಕನ್ನಡಕ ಹಣೆಗೇರಿಸಿಕೊಂಡು. “ಈ ಸೀರಿ ನೀ ನಡಿಯೂವಾಗ ಚಟಚಟ ಅಂತದ. ಆ ಕರೆಂಟ್ ನಿನಗ ತಿಳಿಯಂಗಿಲ್ಲ, ಡಯೋಡಿಗಿ ತಿಳೀತದ. ಭಾಳ ನಾಜೂಕ್ ಮಾಲ್ ಅದು. ನಾಳಿಂದ ಪಾಲಿಸ್ಟರ್ ನಕ್ಕೋ, ಕಾಟನ್ ಸೀರಿ ಉಟಗೊಂಡ್ ಬಾ. ಮೊದ್ಲ ನಲ್ಲಿ ಹಿಡಿ, ಮೈಯಾಗಿನ ಕರೆಂಟ್ ನೆಲಕ್ಕ ಇಳೀತದ, ಆಮ್ಯಾಗ ನಿನ್ ಫಿಜಿಕ್ಸ್.”

ಲ್ಯಾಬಿನಲ್ಲಿ ನೂರು ಮಕ್ಕಳಿಗೆ ಹೇಳಿಕೊಡುವವಳು ನಾನು, ನನಗೇ ಪಾಠ! ಸಿಟ್ಟು ನೆತ್ತಿಗೇರಿತು. ಮರುದಿನ ಕಾಟನ್ ಸೀರೆ ಉಟ್ಟು, ನಲ್ಲಿ ಹಿಡಿದು ಒಳಗೆ ಹೋದೆ.

ಅದೇ ದಿನಗಳಲ್ಲಿ ಕಮಲಾಪುರದಿಂದ ಅಕ್ಕನ ಫೋನು ಬಂತು. ಅಕ್ಕ ಶರಣಮ್ಮ ನನಗಿಂತ ಹತ್ತು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳನ್ನು ಕೊಟ್ಟ ಮನೆಯಲ್ಲಿ ಎರಡು ಎಕರೆ ಕೆಂಬಾಳೆ ತೋಟ. ಕಮಲಾಪುರದ ಕೆಂಬಾಳೆ ಎಂದರೆ ಗೊತ್ತಲ್ಲ, ಸಿಪ್ಪೆ ದಟ್ಟ ಕೆಂಪು, ಒಳಗೆ ಕೆನೆಬಣ್ಣ, ಎರಡು ತಿಂದರೆ ಮಧ್ಯಾಹ್ನದ ಊಟ ಬೇಡ. ಆದರೆ ಆತುರದವರ ಬೆಳೆಯಲ್ಲ. ಬೇರೆ ಬಾಳೆ ಗೊನೆ ಕೊಟ್ಟು ಮುಗಿಸಿದರೂ ಇದಿನ್ನೂ ಎಲೆ ಬಿಡುತ್ತ ನಿಂತಿರುತ್ತದೆ. ಅತ್ತೆಯ ಕೈಯಿಂದ ಅಕ್ಕನ ಕೈಗೆ ಬಂದ ತೋಟ ಅದು. ಯಾವ ಗಿಡ ಯಾವ ಗಿಡದ ಬುಡದಲ್ಲಿ ಒಡೆದ ಕಂದು ಎಂದು ಮೂರು ತಲೆಮಾರಿನವರೆಗೆ ಹೇಳಬಲ್ಲಳು.

“ತಂಗೀ, ನಿಮ್ಮ ಮಾಮಾ ಈ ಸಲ ನನ್ನ ಮಾತ ಕೇಳೂದಿಲ್ಲ,” ಅಂದಳು. ದನಿ ಒಡೆದಿತ್ತು. “ಎಳ್ಳಮಾಸಿ ಮರುದಿನ ಟ್ರ್ಯಾಕ್ಟರ್ ಹೇಳ್ಯಾರ. ಬಾಳಿ ಕಿತ್ತಿ ಕಬ್ಬ ಹಚ್ಚತಾರಂತ.”

ಮಾಮಾ ಎಂದರೆ ಅಕ್ಕನ ಗಂಡ ಮಲ್ಲಣ್ಣ. ಕೆಟ್ಟವರಲ್ಲ, ಕಾದು ಕಾದು ಸಾಕಾದವರು. ಅವರ ದೂರು ಒಂದೇ: “ಪ್ಯಾಟ್ಯಾಗ ಎಲ್ಲಿಂದರೇ ಬಂದ ಕೆಂಪ ಹಣ್ಣಿಗಿ ಕಮಲಾಪುರದ್ದು ಅಂತ ಮಾರತಾರ. ನಮ್ಮ ಹಣ್ಣಿನ ಹಣಿ ಮ್ಯಾಲ ಹೆಸರ ಬರದದೇನು, ಮಂದಿಗಿ ತಿಳೀಲಾಕ?” ಈ ಮಾತು ಕೇಳಿಯೇ ಅಕ್ಕನಿಗೆ ನನ್ನ ನೆನಪಾಗಿದ್ದು. ಹಿಂದೊಮ್ಮೆ ಕರಿ ರಟ್ಟಿನ ಮೇಲೆ ಅವಳ ಹೆಸರನ್ನು ಲೇಸರಿನಿಂದ ಸುಟ್ಟು ಬರೆದು ಕೊಟ್ಟಿದ್ದೆ. ಅದು ಅವರ ಪಡಸಾಲೆಯಲ್ಲಿ ತೂಗುತ್ತಿತ್ತು.

“ರಟ್ಟಿನ ಮ್ಯಾಲ ಬರದಿ. ಹಣ್ಣಿನ ಮ್ಯಾಲ ಬರೀಲಾಕ ಬರ್ತದೇನು?”

“ಅದೇನ್ ದೊಡ್ಡ ಮಾತ ಬಿಡಕ್ಕ,” ಅಂದುಬಿಟ್ಟೆ. ಎಲುಬಿಲ್ಲದ ನಾಲಿಗೆ!

ಅಕ್ಕ ಅಲ್ಲಿಗೇ ನಿಲ್ಲಲಿಲ್ಲ. ಅವಳ ತೋಟದ ಹಣ್ಣನ್ನು ಪ್ರತಿ ವರ್ಷ ಕೊಳ್ಳುವ ಒಂದು ಮನೆತನ ಕಲಬುರಗಿಯ ಖೂಬಾ ಪ್ಲಾಟಿನಲ್ಲಿತ್ತು. ಆ ಮನೆಯ ಮಗಳು ಪೂಜಾಳ ಮದುವೆ ಗೊತ್ತಾಗಿತ್ತು. ಬಂದವರಿಗೆಲ್ಲ ತಾಂಬೂಲದ ಚೀಲದಲ್ಲಿ ಕೆಂಬಾಳೆ, ಅದರ ಮೇಲೆ ವಧು-ವರರ ಹೆಸರು. ಅಕ್ಕ ಮಾತು ಹಾಕಿದಳು, ಅವರು ಬಲೆಗೆ ಬಿದ್ದರು. ಆಮೇಲೆ ಮಾಮಾನನ್ನು ಹಿಡಿದು ಕೂರಿಸಿ ಮಾತು ತೆಗೆದುಕೊಂಡಳು. ಮಾಮಾ ಅಂದರಂತೆ: “ಒಂದ ಮದುವಿ ಮಂದಿ ಹೆಸರ ಬರಿಸಿ ನಮ್ಮ ಹಣ್ಣ ಒಯ್ತೀವಿ ಅನ್ಲಿ, ತ್ವಾಟಾ ನಿಂದು. ಇಲ್ಲಂದ್ರ ಟ್ರ್ಯಾಕ್ಟರ್ ಬಂದಾಗ ಅಡ್ಡ ನಿಂದ್ರಬ್ಯಾಡ.”

ಹೀಗೆ ಎರಡು ಎಕರೆ ತೋಟ ಒಂದು ಜೋಳದ ಕಾಳಿನ ಮೇಲೆ ಬಂದು ಕೂತಿತು.

ಚಾಚಾನಿಗೆ ಹೇಳಿದೆ. ಅವರು ಅಟ್ಟದಿಂದ ಇನ್ನೆರಡು ಚೀಲ ಕೆಳಗಿಳಿಸಿದರು. ಡಿವಿಡಿ ರೈಟರಿನಲ್ಲಿ ಲೇಸರನ್ನು ಹಿಂದೆ ಮುಂದೆ ಒಯ್ಯುವ ಒಂದು ಸಣ್ಣ ಬಂಡಿ ಇರುತ್ತದೆ. ಎರಡು ರೈಟರುಗಳ ಎರಡು ಬಂಡಿಗಳನ್ನು ಒಂದಕ್ಕೊಂದು ಅಡ್ಡಲಾಗಿ ಜೋಡಿಸಿದೆವು. ಒಂದು ಎಡ-ಬಲಕ್ಕೆ, ಇನ್ನೊಂದು ಹಿಂದೆ-ಮುಂದೆ. ಕಂಪ್ಯೂಟರಿನಲ್ಲಿ ಅಕ್ಷರ ಬರೆದರೆ ಬಂಡಿಗಳು ಕುಯ್ ಕುಯ್ ಎಂದು ಅದೇ ಗೆರೆಯಲ್ಲಿ ಹರಿದಾಡುತ್ತವೆ. ಬರೆಯಲು ಸಿಗುವ ಜಾಗ ಬೆಂಕಿಪೊಟ್ಟಣದಷ್ಟು. ಬಾಳೆಹಣ್ಣಿನ ಬೆನ್ನಿಗೆ ಅಷ್ಟು ಸಾಕು.

ಎಲ್ಲದರ ಮೇಲೆ ಪ್ಲೈವುಡ್ಡಿನ ಪೆಟ್ಟಿಗೆ ಮುಚ್ಚಿದೆವು. ಇದರಲ್ಲಿ ಮಾತ್ರ ನಾನು ಹಟಮಾರಿ. ಈ ಬೆಳಕು ಒಂದು ಕ್ಷಣ ಕಣ್ಣಿಗೆ ಬಿದ್ದರೆ ಕಣ್ಣು ಹೋದಂತೆಯೇ. ಮುಚ್ಚಳ ತೆಗೆದು ಕೆಲಸ ಮಾಡುವಾಗ ಕೆಂಪನ್ನು ತಡೆಯುವ ನೀಲಿ-ಹಸಿರು ಗಾಜಿನ ಕನ್ನಡಕ ಹಾಕದೆ ಯಾರೂ ಹತ್ತಿರ ಬರುವಂತಿರಲಿಲ್ಲ. ಚಾಚಾ ಆ ಕನ್ನಡಕ ಹಾಕಿಕೊಂಡೇ ಒಂದು ದಿನ ಚಹಾ ತರಲು ಹೋದಾಗ, ಓಣಿಯ ಮಂದಿಯೆಲ್ಲ ಕಣ್ಣಿನ ಆಪರೇಷನ್ ಯಾವಾಗ ಆಯಿತು ಎಂದು ವಿಚಾರಿಸಿದ್ದರು.

ಮೊದಲು ಪರೀಕ್ಷೆ ಮಾಡಿದ್ದು ಪೇಟೆಯಿಂದ ತಂದ ಹಸಿರು ಬಾಳೆಕಾಯಿಯ ಮೇಲೆ. ಅಕ್ಕನ ಗೊನೆ ಹದಕ್ಕೆ ಬರುವುದು ಎಳ್ಳಮಾವಾಸ್ಯೆಯ ಹೊತ್ತಿಗೇ. ಬಾಳೆ ಎಂದರೆ ಬಾಳೆ, ಕಾಯಿಯಾದರೇನು ಹಣ್ಣಾದರೇನು ಅಂದುಕೊಂಡೆ. ಬಂಡಿ ಹರಿಯಿತು, ಸಣ್ಣ ಹೊಗೆ ಎದ್ದಿತು, ಹಸಿರು ಸಿಪ್ಪೆಯ ಮೇಲೆ ‘ಪೂಜಾ’ ಎಂದು ಕರ್ರಗೆ ಮೂಡಿತು. ‘ಜಾ’ದ ದೀರ್ಘ ಸ್ವಲ್ಪ ಸೊಟ್ಟಗಿತ್ತು. ಚಾಚಾ “ವಾರೆವ್ಹಾ!” ಎಂದು ಮೇಜು ಬಡಿದರು, ಮೇಜಿನ ಮೇಲಿದ್ದ ಸ್ಕ್ರೂಗಳೆಲ್ಲ ನೆಲಕ್ಕೆ ಹಾರಿದವು. ಇಬ್ಬರೂ ನಗುತ್ತ ಮೊಣಕಾಲೂರಿ ಅವನ್ನು ಹೆಕ್ಕಿದೆವು.

ಆ ಕಾಯಿಯನ್ನು ಹಿಡಿದುಕೊಂಡು ಜಂಬದಿಂದ ಖೂಬಾ ಪ್ಲಾಟಿಗೆ ಹೋದೆ. ಪೂಜಾಳಿಗೆ ಇಷ್ಟವಾಯಿತು, ತಾಯಿತಂದೆಗೂ ಇಷ್ಟವಾಯಿತು. ಆದರೆ ಒಳಗಿನಿಂದ ಅವಳ ಅಜ್ಜಿ ಬಂದರು. ಬಿಳಿ ಸೀರೆ, ಹಣೆಯ ತುಂಬ ವಿಭೂತಿ, ನೆಟ್ಟಗಿನ ಬೆನ್ನು. ಕಾಯಿ ಕೈಗೆ ತೆಗೆದುಕೊಂಡು ಮೂಸಿ ನೋಡಿದರು.

“ಸುಟ್ಟದ್ದ ಇದು?”

“ಹೂಂ ಅಜ್ಜಿ, ಬೆಳಕಿನಿಂದ ಸುಟ್ಟದ್ದು,” ಅಂದೆ, ಇನ್ನೂ ಜಂಬದಲ್ಲೇ.

“ಬೆಳಕಿಂದರೇ ಸುಡು, ಕೊಳ್ಳಿಂದರೇ ಸುಡು, ಸುಟ್ಟದ್ದ ಸುಟ್ಟದ್ದೇ. ಶುಭಕಾರ್ಯದಾಗ ಮಂದಿ ಉಡಿಯಾಗ ಸುಟ್ಟ ಹಣ್ಣ ಹಾಕಲೇನು? ನಡಿಯಂಗಿಲ್ಲವ್ವ. ಹೆಸರ ಇರಬೇಕು, ಸುಟ್ಟ ಕಲಿ ಇರಬಾರದು. ಹಂಗ ಮಾಡ್ತಿದ್ರ ಎಳ್ಳಮಾಸಿ ಮರುದಿನ ಬರ್ತೀವಿ, ತ್ವಾಟದಾಗೇ ತೋರ್ಸು.”

ಸುಡುವುದಕ್ಕೆಂದೇ ಹುಟ್ಟಿದ ಲೇಸರಿನಲ್ಲಿ ಸುಡದೆ ಬರೆಯಬೇಕು! “ಆಯ್ತ್ರೀ ಅಜ್ಜಿ” ಎಂದು ಇನ್ನೊಮ್ಮೆ ಎಲುಬಿಲ್ಲದ ನಾಲಿಗೆ ಆಡಿಸಿ ಬಂದೆ.

ಆಮೇಲಿನ ಮೂರು ವಾರ ನಾನು ಮನುಷ್ಯಳಾಗಿರಲಿಲ್ಲ. ಕರೆಂಟು ಇಳಿಸುವುದು, ಬಂಡಿಯ ವೇಗ ಏರಿಸುವುದು, ಲೆನ್ಸನ್ನು ಕೂದಲೆಳೆಯಷ್ಟು ತಿರುವುವುದು. ಕಪಾಸಿಟರಿನಲ್ಲಿ ಕರೆಂಟು ಉಳಿದಿದ್ದಾಗಲೇ ವೈರ್ ಜೋಡಿಸಿ ಒಂದೇ ದಿನ ಎರಡು ಡಯೋಡು ಕೊಂದೆ. ಮನೆಯಲ್ಲಿ ದಿನಾ ಬಾಳೆಕಾಯಿ ಪಲ್ಯ, ಬಾಳೆಕಾಯಿ ಬಜ್ಜಿ, ಬಾಳೆಕಾಯಿ ಚಿಪ್ಸು. ಮನೆಯವರು ತಾಟಿನಲ್ಲಿ ಒಂದು ಹೋಳು ಎತ್ತಿ ಹಿಡಿದು, “ಇದರಾಗ ವರನ ಹೆಸರ ಅರ್ಧಾ ಅದ, ಉಳಿದರ್ಧ ಯಾರ ತಾಟಿನ್ಯಾಗ ಹೋತು?” ಎಂದು ಕೇಳುವರು. ಕೊನೆಗೂ ಹಸಿರು ಕಾಯಿಯ ಮೇಲೆ ಕರಿಕಾಗದೆ, ಕಾಫಿ ಬಣ್ಣದ ಸಣ್ಣ ಗೆರೆ ಮೂಡುವಷ್ಟು ಹದ ಸಿಕ್ಕಿತು. ಬೆರಳಾಡಿಸಿದರೆ ಕೈಗೆ ಹತ್ತುತ್ತಿರಲಿಲ್ಲ. ಗೆದ್ದೆ ಅಂದುಕೊಂಡೆ.

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಪೆಟ್ಟಿಗೆ, ಲ್ಯಾಪ್‌ಟಾಪು, ಬ್ಯಾಟರಿ ಹೊತ್ತುಕೊಂಡು ನಾನು, ಚಾಚಾ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಹೋದೆವು. ಬಸ್ಸಿನ ತುಂಬ ಬುತ್ತಿಗಂಟು. ನನ್ನ ಮಡಿಲಲ್ಲಿದ್ದ ಪೆಟ್ಟಿಗೆಯನ್ನು ನೋಡಿ ಪಕ್ಕದ ಹೆಂಗಸು, “ಕಡಬೇನವ್ವಾ?” ಅಂದಳು.

ತೋಟದ ಅಂಚಿನ ಬೇವಿನ ಮರದ ಕೆಳಗೆ ಊಟಕ್ಕೆ ಹಾಸಿದ್ದರು. ಅಕ್ಕ ಪೂಜೆ ಮುಗಿಸಿದಳು, ಮಾಮಾ ಭೂತಾಯಿಯ ಎಡೆಯನ್ನು ಹೊಲದ ಸುತ್ತ ಎರಚಿ ಚರಗ ಚೆಲ್ಲಿ ಬಂದರು. ಸಜ್ಜೆ ರೊಟ್ಟಿ, ಜೋಳದ ಕಡಬು, ಹತ್ತೆಂಟು ಹಸಿ ಕಾಳು ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ. ಚಾಚಾ ಎರಡನೇ ಸಲ ಭಜ್ಜಿ ಹಾಕಿಸಿಕೊಂಡು, “ಈ ಒಂದ್ ಭಜ್ಜಿ ಸಂಬಂಧ ನಾ ನಿಮ್ಮ ಕಬ್ಬಿಗಿ ಖಿಲಾಫ್ ಇದ್ದೀನಿ ಮಲ್ಲಣ್ಣ” ಅಂದರು. ಮಾಮಾ ನಕ್ಕರು. ನಕ್ಕರೂ, “ಟ್ರ್ಯಾಕ್ಟರಿನಾಂವ ನಾಳಿ ಮುಂಜಾನೆ ಎಂಟಕ್ಕ ಬರ್ತೀನಿ ಅಂದಾನ ಚಾಚಾ” ಎಂದು ಮೆಲ್ಲಗೆ ಸೇರಿಸಿದರು. ಅಕ್ಕ ಬಡಿಸುತ್ತಿದ್ದ ಕೈ ಒಂದು ಗಳಿಗೆ ನಿಂತಿತು.

ಊಟವಾದ ಮೇಲೆ ಅಕ್ಕ ಹದಕ್ಕೆ ಬಂದ ಒಂದು ಚಿಪ್ಪು ಕೆಂಬಾಳೆ ತಂದಿಟ್ಟಳು. ಎಂಥ ಹಣ್ಣು! ನುಣ್ಣಗೆ, ದಪ್ಪಗೆ, ಕೆಂಪಗೆ. ಒಂದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿ ಯಂತ್ರ ಚಾಲೂ ಮಾಡಿದೆ. ಬಂಡಿ ಹರಿಯಿತು, ನಿಂತಿತು. ತೆರೆದು ನೋಡಿದರೆ ಹಣ್ಣು ಇಟ್ಟ ಹಾಗೇ ಇದೆ. ಒಂದು ಗೆರೆಯಿಲ್ಲ, ಒಂದು ಚುಕ್ಕೆಯಿಲ್ಲ.

ಕರೆಂಟು ಏರಿಸಿದೆ. ಏನೂ ಇಲ್ಲ. ಇನ್ನೂ ಏರಿಸಿದೆ. ಡಯೋಡು ಬಿಸಿಯಾಯಿತೇ ಹೊರತು ಹಣ್ಣಿಗೆ ಏನೂ ಆಗಲಿಲ್ಲ. ಚಾಚಾ ಪಕ್ಕದ ಹಸಿರು ಎಲೆಯ ತುಂಡೊಂದನ್ನು ಇಟ್ಟು ನೋಡಿದರು. ಎಲೆ ಚುರ್ ಎಂದು ಸುಟ್ಟಿತು. ಎಲೆ ಸುಡುತ್ತದೆ, ಹಣ್ಣು ಸುಡುವುದಿಲ್ಲ! ನಾನು ಬಾಯಿ ತೆರೆದು ಆ ಹಣ್ಣನ್ನೇ ನೋಡುತ್ತ ಕೂತೆ. ಆಗ ತಲೆಗೆ ಹೊಳೆದು, ಹಣೆ ಚಚ್ಚಿಕೊಂಡೆ. ಪ್ರತಿ ಜೂನಿನಲ್ಲಿ ಹೊಸ ಮಕ್ಕಳಿಗೆ ನಾನೇ ಹೇಳುವ ಮೊದಲ ಪಾಠ ಅದು: ಕೆಂಪು ವಸ್ತು ಯಾಕೆ ಕೆಂಪು ಕಾಣುತ್ತದೆ? ಕೆಂಪು ಬೆಳಕನ್ನು ಒಳಗೆ ಬಿಟ್ಟುಕೊಳ್ಳದೆ ತಿರುಗಿಸಿ ಕಳಿಸುತ್ತದೆ, ಅದಕ್ಕೆ. ಹಸಿರು ಕಾಯಿ ನನ್ನ ಕೆಂಪು ಲೇಸರನ್ನು ಗಟಗಟ ಕುಡಿದಿತ್ತು. ಕೆಂಬಾಳೆ ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸುತ್ತಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ಇಡೀ ಜಗತ್ತಿನ ಹಣ್ಣುಗಳಲ್ಲಿ ಕೆಂಪು ಲೇಸರಿಗೆ ಒಗ್ಗದ ಹಣ್ಣನ್ನೇ ಹುಡುಕಿ ಮಾತು ಕೊಟ್ಟಿದ್ದೆ.

ಅಕ್ಕನಿಗೆ ಹೇಗೋ ಬಿಡಿಸಿ ಹೇಳಿದೆ. ಅವಳು ಶಾಲೆ ಏಳನೆಯದಕ್ಕೇ ಬಿಟ್ಟವಳು. ಹಣ್ಣನ್ನು ತಿರುಗಿಸಿ ನೋಡಿ ಕೇಳಿದಳು: “ಕೆಂಪಿಗಿ ಕೆಂಪ ಹತ್ತಂಗಿಲ್ಲ. ಮತ್ತ ಕರೀದಕ್ಕ ಹತ್ತತದಿಲ್ಲೊ? ನನ್ನ ಹೆಸರ ಕರಿ ರಟ್ಟಿನ ಮ್ಯಾಲ ಬರದಿದ್ದಿ.”

“ಕರೀದಕ್ಕ ಎಲ್ಲಾ ಹತ್ತತದ ಅಕ್ಕ.”

ಅವಳು ಎದ್ದು ಹೋಗಿ ಮೂರು ಕಲ್ಲಿನ ಒಲೆಯ ಮೇಲಿಂದ ರೊಟ್ಟಿ ಹಂಚು ಇಳಿಸಿ, ಅದರ ಬೆನ್ನಿನ ಮಸಿಯನ್ನು ಬೆರಳಿಂದ ಕೆರೆದು, ಒಂದು ತೊಟ್ಟು ಕುಸುಬೆ ಎಣ್ಣೆ ಕಲೆಸಿ, ಹಣ್ಣಿನ ಬೆನ್ನಿಗೆ ತೆಳ್ಳಗೆ ಬಳಿದಳು. ನಾನು, ಚಾಚಾ ಮುಖ ಮುಖ ನೋಡಿಕೊಂಡೆವು. ಯಂತ್ರ ಹಚ್ಚಿದೆ. ಈ ಸಲ ಹೊಗೆ ಎದ್ದಿತು! ಮಸಿಯ ಮೇಲೆ ಗೆರೆ ಬಿತ್ತು! “ಬಂತು ಬಂತು” ಎಂದು ನಾನು ಕೂಗಿದೆ. ಮಾಮಾ ಕೂಡ ಬೀಡಿ ಆರಿಸಿ ಹತ್ತಿರ ಬಂದರು. ಹುರುಪಿನಲ್ಲಿ ಇಡೀ ಚಿಪ್ಪಿಗೆ ಮಸಿ ಬಳಿದು ಒಂದೊಂದೇ ಬರೆದೆವು. ಹೊತ್ತು ಮುಳುಗುವಾಗ ಅಕ್ಕ ಒದ್ದೆ ಬಟ್ಟೆಯಿಂದ ಮೊದಲ ಹಣ್ಣಿನ ಮಸಿ ಒರೆಸಿದಳು.

ಒಳಗೆ ಏನೂ ಇರಲಿಲ್ಲ. ಸುಟ್ಟದ್ದು ಮಸಿ ಮಾತ್ರ. ಎರಡನೆಯದು, ಮೂರನೆಯದು, ಎಲ್ಲ ಹಣ್ಣೂ ತೊಳೆದ ಹಾಗೆ ಚೊಕ್ಕ.

“ಇಷ್ಟ ದೊಡ್ಡ ಮಷೀನ್ ತಂದು ಹಣ್ಣಿಗಿ ಮಸಿ ಬಳದು ಒರಸಿದ್ರಿ. ಛಲೊ ಆತ ಬಿಡ್ರಿ, ಲಕಲಕ ಹೊಳೀಲಾಕತ್ತಾವ,” ಅಂದರು ಮಾಮಾ. ಗೇಲಿಗೇ ಅಂದದ್ದು. ಆದರೆ ನನಗೆ ತಡೆಯಲಾಗಲಿಲ್ಲ. ಬೇವಿನ ಮರದ ಹಿಂದೆ ಹೋಗಿ ಅತ್ತೆ. ಅಕ್ಕ ಬಂದು ನನ್ನ ಮೂಗೊರೆಸಿದಳು, ಚಿಕ್ಕಂದಿನ ಹಾಗೆ. “ಹುಚ್ಚಿ, ನೀ ಯಾಕ ಅಳ್ತಿ? ನನ್ನ ಸಂಬಂಧ ಇಷ್ಟ ಮಾಡಿದಿ, ಅಷ್ಟ ಸಾಕು,” ಅಂದಳು. ಅದು ಇನ್ನೂ ಸಂಕಟವಾಯಿತು. ಹಣ್ಣುಗಳನ್ನು ಬುಟ್ಟಿಯಲ್ಲಿಟ್ಟು ಹುಲ್ಲು ಮುಚ್ಚಿ ಮನೆಗೆ ಹೋದೆವು. ಚಾಚಾ ಕೊನೆಯ ಬಸ್ಸಿಗೆ ಹೋಗಲಿಲ್ಲ. “ಮುಂಜಾನಿ ಆ ಅಜ್ಜಿಗಿ ನಿನ್ ಸಂಗಡ ನಾನೂ ಮಾಫಿ ಕೇಳ್ತೀನಿ, ಒಬ್ಬಾಕಿ ಬೈಸ್ಕೊಬ್ಯಾಡ” ಎಂದು ಪಡಸಾಲೆಯಲ್ಲಿ ಮಲಗಿದರು.

ಬೆಳಿಗ್ಗೆ ಅಕ್ಕನ ಕೂಗಿಗೆ ಎಚ್ಚರವಾಯಿತು. “ತಂಗೀ! ಏ ತಂಗೀ! ಎದ್ದ ಬಾ ಇಲ್ಲಿ!” ಹಾವು ಕಂಡಳೋ ಏನೋ ಎಂದು ಓಡಿದೆ. ಅಂಗಳದಲ್ಲಿ ಬುಟ್ಟಿಯ ಹುಲ್ಲು ಸರಿಸಿ ಕೂತಿದ್ದಳು. ಕೈಯಲ್ಲಿ ಒಂದು ಕೆಂಬಾಳೆ. ಎಳೆ ಬಿಸಿಲಿನಲ್ಲಿ ಅದರ ಬೆನ್ನಿನ ಮೇಲೆ, ಮದರಂಗಿ ಹತ್ತಿದ ಹಾಗೆ, ‘ಪೂಜಾ – ವಿನಯ’. ಎರಡನೇ ಹಣ್ಣಿನ ಮೇಲೂ. ಮೂರನೆಯದರ ಮೇಲೂ.

ನಾನು ಕೂತುಬಿಟ್ಟೆ. ಅಕ್ಕ ನಗುತ್ತ ಅಳುತ್ತ ಹೇಳಿದಳು: “ಎಷ್ಟ ಮಬ್ಬ ಇದ್ದೀವಿ ನಾವು! ಗೊನಿ ಇಳಸೂವಾಗ ಹಣ್ಣಿಗಿ ಉಗರ ತಾಗಿದ್ರ ಅವತ್ತ ಕಾಣಂಗಿಲ್ಲ, ಮರುದಿನ ಕಪ್ಪಾಗ್ತದ. ಹುಟ್ಟಾ ನೋಡೀನಿ ನಾ ಅದನ್ನ!” ಮಸಿ ಕುಡಿದ ಬಿಸಿ ಸಿಪ್ಪೆಗೆ ಅಷ್ಟೇ ಅಷ್ಟು ತಾಗಿತ್ತು, ಉಗುರು ತಾಗಿದಷ್ಟು. ಉಳಿದದ್ದನ್ನು ಹಣ್ಣು ಇರುಳಿಡೀ ತಾನೇ ಬರೆದುಕೊಂಡಿತ್ತು. ನಮಾಜು ಮುಗಿಸಿ ಬಂದ ಚಾಚಾ ಒಂದು ಹಣ್ಣನ್ನು ಕಣ್ಣ ಹತ್ತಿರ ಹಿಡಿದು, “ಸುಭಾನಲ್ಲಾ” ಅಂದರು.

ತೋಟಕ್ಕೆ ಹೋಗುವಷ್ಟರಲ್ಲಿ ಖೂಬಾ ಪ್ಲಾಟಿನವರ ಕಾರು ಬಂದಿತ್ತು. ಅಜ್ಜಿ ಶಾಲು ಹೊದ್ದು ಇಳಿದರು. ಹಣ್ಣನ್ನು ಮೂಸಿದರು, ಹೆಬ್ಬೆರಳಿಂದ ಉಜ್ಜಿದರು, ಸೆರಗಿನಿಂದ ತಿಕ್ಕಿ ಸೆರಗು ನೋಡಿದರು. ಏನೂ ಹತ್ತಿರಲಿಲ್ಲ.

“ಇದು ಸುಟ್ಟದ್ದಲ್ಲ,” ಅಂದರು ಕೊನೆಗೆ. “ಹಣ್ಣಿನ ಮೈಯಾಗಿಂದ ಬಂದಂಗ ಅದ. ಏನ್ ಹಚ್ಚಿದಿ ಖರೆ ಹೇಳು.”

ಸುಳ್ಳು ಹೇಳಬಹುದಿತ್ತು. ಆದರೆ ಸಾಕಾಗಿತ್ತು ನನ್ನ ನಾಲಿಗೆಯ ಸಹವಾಸ. “ರೊಟ್ಟಿ ಹಂಚಿನ ಮಸಿ ಹಚ್ಚಿ, ಬರದು, ಒರಸೀವಿ ಅಜ್ಜಿ,” ಅಂದೆ.

“ಹಂಚಿನ ಮಸಿ?” ಅಜ್ಜಿಯ ಮುಖ ಅರಳಿತು. “ಯವ್ವಾ, ಹಂಗಂದ್ರ ದೃಷ್ಟಿನೂ ತಗದಂಗಾತಲ್ಲ! ನನ್ನ ಮಮ್ಮಗಳ ಹೆಸರಿಗಿ ಯಾರ ಕಣ್ಣೂ ಹತ್ತಂಗಿಲ್ಲ. ಶರಣಮ್ಮಾ, ಮದುವಿ ಹಣ್ಣೆಲ್ಲಾ ನಿನ್ನ ತ್ವಾಟದ್ದೇ. ಇನ್ನೊಬ್ಬ ಮಮ್ಮಗಳ ಮದುವಿ ಮುಂದಿನ ವರ್ಷಕ್ಕ ಅದ, ಈಗೇ ಹೇಳಿರ್ತೀನಿ.”

ಅಷ್ಟರಲ್ಲಿ ಗಡಗಡ ಸದ್ದು ಮಾಡುತ್ತ ಟ್ರ್ಯಾಕ್ಟರ್ ಬಂದು ಬದುವಿನ ಮೇಲೆ ನಿಂತಿತು. ಎಲ್ಲರೂ ಮಾಮಾನ ಮುಖ ನೋಡಿದೆವು. ಅವರು ಇಷ್ಟು ಹೊತ್ತೂ ಒಂದು ಹಣ್ಣನ್ನು ಕೈಯಲ್ಲಿ ಹಿಡಿದು ಆ ಹೆಸರಿನ ಮೇಲೆ ಬೆರಳಾಡಿಸುತ್ತಲೇ ನಿಂತಿದ್ದರು. ಡ್ರೈವರ್ ಕೂಗಿದ: “ಎಲ್ಲಿಂದ ಸುರು ಮಾಡ್ಲೋ ಮಲ್ಲಣ್ಣ? ಈ ಬಾಳಿ ಕಡಿಂದೇನು?”

ಮಾಮಾ ಹಣ್ಣನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಬಾವಿಯಾಚೆ ಬೀಳು ಬಿದ್ದಿದ್ದ ಅರ್ಧ ಎಕರೆಯ ಕಡೆ ಕೈ ಮಾಡಿದರು. “ಬಾಳಿ ಕಡಿ ಬರಬ್ಯಾಡ. ಅಕಾ ಅಲ್ಲಿ ನೋಡು, ಆ ಪಡಾ ಬಿದ್ದ ಹೊಲಾ ಹರಗು. ಅಲ್ಲಿ ಕೆಂಬಾಳಿ ಹಚ್ಚೂದದ.” ಆಮೇಲೆ ಅಕ್ಕನ ಕಡೆ ನೋಡದೆ, ನೆಲ ನೋಡುತ್ತ, “ಹದಿನೆಂಟ ತಿಂಗಳೇ ಕಾಯಬೇಕಲ್ಲ, ಈಗೇ ಹಚ್ಚಿದ್ರ ಛಲೊ. ನಾ ಹೋಗಿ ಕಂದು ಆರಸ್ತೀನಿ” ಎಂದು ಬೇವಿನ ಮರಕ್ಕೆ ಆನಿಸಿಟ್ಟಿದ್ದ ಗುದ್ದಲಿ ಎತ್ತಿಕೊಂಡರು.

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ನಾನು ಹತ್ತಿರ ಹೋಗುವ ಮೊದಲೇ ಕಣ್ಣೊರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾಮಾನ ಕೈಯಿಂದ ಗುದ್ದಲಿ ಕಿತ್ತುಕೊಂಡಳು.

“ಕಂದು ನಾ ಆರಸ್ತೀನಿ ಸರೀರಿ. ನಿಮಗೇನ್ ತಿಳೀತದ!”